ಶಿಮ್ ಪಟ್ಟಿ ಬಾಗಿಸಿ ಕೋಟಿಂಗ್ ಸ್ಟ್ರೆಸ್ ಅಳೆದೆ: ನನ್ನ ಅನುಭವ

ಎಕ್ಸ್‌ರೇ ಮೆಷಿನ್ ಇಲ್ಲದೆ ಕೋಟಿಂಗ್ (ಲೋಹದ ಮೇಲೆ ಕೂರಿಸುವ ತೆಳು ಗಟ್ಟಿ ಪದರ) ಒಳಗಿನ ಸ್ಟ್ರೆಸ್, ಅಂದರೆ ಒಳಬಿಗಿತ, ಅಳೆಯೋಕಾಗಲ್ಲ ಅಂದವರು ಒಬ್ಬಿಬ್ಬರಲ್ಲ. ಶಿವಮೊಗ್ಗದ ಮಾಚೇನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಈಗ ಪ್ರತಿ ಬ್ಯಾಚಿಗೂ ಅಳೆಯುತ್ತೇವೆ.

ಶುರುವಾಗಿದ್ದು ಅಡಿಕೆ ಸುಲಿಯುವ ಯಂತ್ರದ ಬ್ಲೇಡಿನಿಂದ. ಅದಕ್ಕೆ ಹಾಕುವ ಟೈಟಾನಿಯಂ ನೈಟ್ರೈಡ್ ಕೋಟಿಂಗ್ ಚಿನ್ನದ ಬಣ್ಣದಲ್ಲಿ ಚೆನ್ನಾಗಿಯೇ ಕೂರುತ್ತಿತ್ತು. ಸುಗ್ಗಿ ಅರ್ಧ ಮುಗಿಯುವಷ್ಟರಲ್ಲಿ ಅಂಚಿನಲ್ಲಿ ಮಾತ್ರ ಚಕ್ಕೆ ಏಳುತ್ತಿತ್ತು. ಒತ್ತುವ ಸ್ಟ್ರೆಸ್ ಜಾಸ್ತಿಯಾದರೆ ಚೂಪಾದ ಕಡೆಯೇ ಮೊದಲು ಬಿಡುತ್ತದೆ, ಅಲ್ವಾ? ಹೊರಗೆ ಟೆಸ್ಟ್ ಮಾಡಿಸಿದರೆ ಸ್ಯಾಂಪಲ್ಲಿಗೆ ಏಳೆಂಟು ಸಾವಿರ, ಮೇಲೆ ವಾರಗಟ್ಟಲೆ ಕಾಯಬೇಕು. ನಮ್ಮಂಥವರಿಗೆ ಗಿಟ್ಟುವುದಿಲ್ಲ.

ಹಾಗಾಗಿ ಸ್ಟೋನಿಯ 1909ರ ಸೂತ್ರ ಹಿಡಿದೆ: ತೆಳು ಪಟ್ಟಿಯ ಒಂದು ಬದಿಗೆ ಕೋಟಿಂಗ್ ಹಾಕಿದರೆ ಅದು ಎಷ್ಟು ಬಾಗುತ್ತದೆ ಎಂಬುದರಿಂದ ಸ್ಟ್ರೆಸ್ ಲೆಕ್ಕ ಹಾಕಬಹುದು. 0.2 ಮಿ.ಮೀ. ಉಕ್ಕಿನ ಶಿಮ್ (ತೆಳು ತಗಡಿನ ಪಟ್ಟಿ), ಒಂದೇ ಬದಿಗೆ ಕೋಟಿಂಗ್. ಮೊದಲ ಪಟ್ಟಿಗಳೆಲ್ಲ ದಂಡ. ಕೋಟಿಂಗ್ ಇಲ್ಲದೆ ಜೊತೆಗಿಟ್ಟ ಪಟ್ಟಿಯೂ ಬಾಗಿತ್ತು! ತಗಡನ್ನು ರೋಲಿಂಗ್ ಮಾಡಿದಾಗ ಉಳಿದ ಸ್ಟ್ರೆಸ್ ಕೋಟಿಂಗ್ ಹಾಕುವಾಗಿನ 450 ಡಿಗ್ರಿ ಬಿಸಿಗೆ ಬಿಡುಗಡೆಯಾಗುತ್ತಿತ್ತು. ಈಗ ಪಟ್ಟಿಗಳನ್ನು ಎರಡು ಪ್ಲೇಟಿನ ನಡುವೆ ಬಿಗಿದು, ಅದಕ್ಕಿಂತ ಜಾಸ್ತಿ ಬಿಸಿಯಲ್ಲಿ ಮೊದಲೇ ವ್ಯಾಕ್ಯೂಮ್‌ನಲ್ಲಿ ಕಾಯಿಸಿ, ನಿಧಾನಕ್ಕೆ ಆರಿಸುತ್ತೇನೆ. ಆಮೇಲೂ ಉಳಿದ ಬಾಗನ್ನು ಅಳೆದು ಕಳೆಯುತ್ತೇನೆ. ಹಿಂಬದಿಗೆ ಕೋಟಿಂಗ್ ಹತ್ತದಿರಲು ಎರಡು ಪಟ್ಟಿ ಬೆನ್ನಿಗೆ ಬೆನ್ನು ಹಚ್ಚಬೇಕು. ಅವನ್ನು ಹಿಡಿಯುವ ಕ್ಲಾಂಪಿನ ಆಕಾರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಡಯಲ್ ಗೇಜಿನ ಮೊನೆ ಪಟ್ಟಿಯನ್ನೇ ಒತ್ತಿಬಿಡುತ್ತಿತ್ತು. ಬೆಂಗಳೂರಿನಿಂದ ಅರವತ್ತು ಸಾವಿರದ ಆಸುಪಾಸಿಗೆ ಹಳೆಯ ಪ್ರೊಫೈಲ್ ಪ್ರೊಜೆಕ್ಟರ್ (ವಸ್ತುವಿನ ನೆರಳನ್ನು ಪರದೆಯ ಮೇಲೆ ದೊಡ್ಡದಾಗಿಸಿ, ಮುಟ್ಟದೆ ಅಳೆಯುವ ಯಂತ್ರ) ತಂದೆ. ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಿದರೆ ಅದರ ಭಾರದ ಕಾಟವೂ ಇಲ್ಲ. 60 ಮಿ.ಮೀ. ಉದ್ದಕ್ಕೆ ಸುಮಾರು 1.7 ಮಿ.ಮೀ. ಬಾಗು. ಕೋಟಿಂಗ್ ಎರಡೂವರೆ ಮೈಕ್ರಾನ್. ಲೆಕ್ಕಕ್ಕೆ ಹತ್ತಿರ ಹತ್ತಿರ 3 ಗಿಗಾಪಾಸ್ಕಲ್ (ಸ್ಟ್ರೆಸ್ ಅಳೆಯುವ ಮಾನ). 0.2 ಎಂದು ಬರೆದ ಶಿಮ್ ಮೈಕ್ರೊಮೀಟರಿನಲ್ಲಿ 0.19 ಬಂದರೆ ಹಾಗೇ ಬಿಡಬೇಡಿ. ದಪ್ಪ ಸೂತ್ರದಲ್ಲಿ ವರ್ಗವಾಗಿ ಬರುತ್ತದೆ, ಉತ್ತರ ಹತ್ತು ಪರ್ಸೆಂಟ್ ತಪ್ಪುತ್ತದೆ.

ಅದೇ ಬ್ಯಾಚಿನ ತುಂಡಿಗೆ ಎಕ್ಸ್‌ರೇಯಲ್ಲಿ ಬಂದದ್ದು 2.8. ಆಮೇಲೆ ಯಾರೂ ತಕರಾರು ಎತ್ತಲಿಲ್ಲ.

ಕುತೂಹಲಕ್ಕೆ ಸ್ಟೇನ್‌ಲೆಸ್ ಶಿಮ್ ಕೂಡ ಹಾಕಿ ನೋಡಿದೆ. ಎದ್ದು ಕಾಣುವಷ್ಟು ಜಾಸ್ತಿ ಬಾಗಿತು. ತಣ್ಣಗಾಗುವಾಗ ಅದು ಮಾಮೂಲಿ ಉಕ್ಕಿಗಿಂತ ಹೆಚ್ಚು ಕುಗ್ಗುತ್ತದೆ. ಉಕ್ಕಿನ ಬ್ಲೇಡಿಗೆ ಆ ಅಂಕಿ ಸಲ್ಲದು.

ಬಯಾಸ್ ವೋಲ್ಟೇಜನ್ನು (ಕೋಟಿಂಗ್ ಹಾಕುವಾಗ ಬ್ಲೇಡಿಗೆ ಕೊಡುವ ವೋಲ್ಟೇಜ್) 150ರಿಂದ 80ರ ಆಸುಪಾಸಿಗೆ ಇಳಿಸಿದೆ. ಸ್ಟ್ರೆಸ್ 2ಕ್ಕೆ ಬಂತು. ಗಟ್ಟಿತನ ಸ್ವಲ್ಪ ಕಡಿಮೆಯಾಯಿತು, ನಿಜ. ಆದರೆ ಕಳೆದ ಸುಗ್ಗಿಯಲ್ಲಿ ತೀರ್ಥಹಳ್ಳಿ ಕಡೆ ಕೊಟ್ಟ ಬ್ಲೇಡುಗಳು ಅಂಚು ಬಿಡದೆ ಕೊನೆವರೆಗೂ ಸುಲಿದವು. ಪಟ್ಟಿಯ ಖರ್ಚು ಬ್ಯಾಚಿಗೆ ಐವತ್ತು ರೂಪಾಯಿ ದಾಟುವುದಿಲ್ಲ.