ಗೋಡೆಯ ಬುಡದ ಐದಡಿ

ಕಾಡ್ಗಿಚ್ಚೆಂದರೆ ಉರಿಯೇ ನುಗ್ಗಿ ಬಂದು ಮನೆ ನುಂಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಎಷ್ಟೋ ಮನೆಗಳು ಸುಡುವುದು ಹಾಗಲ್ಲ. ಬೆಂಕಿ ಇನ್ನೂ ಮೈಲು ದೂರ ಇರುವಾಗಲೇ ಗಾಳಿಗೆ ಹಾರಿಬಂದ ಕಿಡಿ ಸೂರಿನ ತರಗೆಲೆಯೊಳಗೆ ಕೂತು, ಮೆಲ್ಲಗೆ ಹೊಗೆಯಾಡಿ, ಆಮೇಲೆ ಹತ್ತಿಕೊಳ್ಳುತ್ತದೆ.

ಗಾಳಿ ಜೋರಾಗಿರುವ ಒಂದು ದಿನ ಮನೆಗೆ ಸುತ್ತು ಹಾಕಿ, ತರಗೆಲೆ ಎಲ್ಲೆಲ್ಲಿ ಗುಡ್ಡೆಯಾಗುತ್ತದೆ ನೋಡಿಕೊಳ್ಳಿ. ಮೆಟ್ಟಿಲ ಸಂದು, ಗೋಡೆಯ ಮೂಲೆ, ಎರಡು ಮಾಡು ಕೂಡುವ ಜಾಗ, ಮಳೆನೀರಿನ ದೋಣಿ. ಎಲೆ ತಂದ ಗಾಳಿ ಕಿಡಿಯನ್ನೂ ಅಲ್ಲಿಗೇ ತರುತ್ತದೆ. ಪೊರಕೆ ಮೊದಲು ಅಲ್ಲಿಗೆ ಹೋಗಲಿ.

ಗೋಡೆಯಿಂದ 5 ಅಡಿಯೊಳಗೆ ಸುಡುವಂಥದ್ದು ಏನೂ ಇರಬಾರದು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ತೊಗಟೆ ಚೂರಿನ ಹೊದಿಕೆ ತೆಗೆದು ಜಲ್ಲಿ ಹಾಸಿ. ನಾರಿನ ಕಾಲೊರಸು, ಒಣ ಹೂಕುಂಡ, ಕಿಟಕಿ ಕೆಳಗಿನ ಪೊದೆ ಎಲ್ಲ ಆಚೆ. ಮರದ ಬೇಲಿ ಗೋಡೆಗೆ ತಾಗಿದ್ದರೆ ದೀಪದ ಬತ್ತಿಯಂತೆ ಬೆಂಕಿಯನ್ನು ನೇರ ಮನೆಗೆ ತಲುಪಿಸುತ್ತದೆ. ಕೊನೆಯ ತುಂಡನ್ನಾದರೂ ಕಬ್ಬಿಣದ್ದಕ್ಕೆ ಬದಲಾಯಿಸಿ. ಸೌದೆ ರಾಶಿ 30 ಅಡಿ ದೂರವಿರಲಿ.

ಗಿಡಗಳೆಲ್ಲ ಕೆಟ್ಟವೆಂದು ಅಂಗಳ ಬೋಳು ಮಾಡಬೇಡಿ, ನನಗೂ ಗಿಡವೆಂದರೆ ಪ್ರಾಣ. ನೀರುಂಡ, ದಪ್ಪ ರಸದ ಎಲೆಯವು ಸುಲಭಕ್ಕೆ ಹತ್ತಿಕೊಳ್ಳುವುದಿಲ್ಲ. ಭಯವಿರುವುದು ಎಣ್ಣೆ, ರಾಳ ತುಂಬಿದ ಜೂನಿಪರ್, ಸೈಪ್ರೆಸ್, ನೀಲಗಿರಿಯಂಥವುಗಳದ್ದು. ಜೂನಿಪರ್ ಪೊದೆ ಹೊರಗಿಂದ ಹಚ್ಚ ಹಸಿರು. ಕೈ ಹಾಕಿ ಕೊಂಬೆ ಸರಿಸಿದರೆ ಒಳಗೆಲ್ಲ ಕಂದುಬಣ್ಣದ ಒಣಕಡ್ಡಿ, ಮುಟ್ಟಿದರೆ ಪುಡಿ ಉದುರುತ್ತದೆ. ಮನೆ ಪಕ್ಕ ಅಂಥ ಬೇಲಿ ಇದ್ದರೆ ಬುಡಸಮೇತ ಕೀಳಿಸಿ. ದೊಡ್ಡ ಮರ ಕಡಿಯಬೇಕಿಲ್ಲ, ನೆಲದಿಂದ 6–10 ಅಡಿ ಎತ್ತರದವರೆಗೆ ಇರುವ ಕೆಳಗಿನ ಕೊಂಬೆಗಳನ್ನೆಲ್ಲ ಸವರಿ, ಕೆಳಗಿನ ಪೊದೆ ತೆಗೆಯಿರಿ. ಇಲ್ಲವಾದರೆ ಬೆಂಕಿಗೆ ನಾವೇ ಏಣಿ ಇಟ್ಟುಕೊಟ್ಟಂತೆ. ಮನೆ ಗುಡ್ಡದ ಮೇಲಿದ್ದರೆ ಇಳಿಜಾರಿನ ಕಡೆ ಇನ್ನೂ ದೂರದವರೆಗೆ ಸವರಬೇಕು, ಏರಿನಲ್ಲಿ ಬೆಂಕಿ ಓಡುತ್ತದೆ.

ಅಟ್ಟದ ಗಾಳಿಕಿಂಡಿ ಮರೆಯಬೇಡಿ. 3 ಮಿಲಿಮೀಟರ್‌ಗಿಂತ ದೊಡ್ಡ ಕಣ್ಣಿಲ್ಲದ ಲೋಹದ ಜಾಲರಿ ಬಡಿಸಿ; ಪ್ಲಾಸ್ಟಿಕ್ ಬಲೆ ಕರಗಿ ಬೀಳುತ್ತದೆ.

ಒಣಹುಲ್ಲು ಕತ್ತರಿಸುವುದಿದ್ದರೆ ಇಬ್ಬನಿ ಇರುವ ಮುಂಜಾನೆಯೇ ಮುಗಿಸಿ. ಬಿರುಬಿಸಿಲಲ್ಲಿ ಯಂತ್ರದ ಅಲಗು ಕಲ್ಲಿಗೆ ತಾಗಿ ಹಾರುವ ಒಂದು ಕಿಡಿ ಸಾಕು. ಹೊರಡಿ ಎಂದು ಹೇಳಿಕಳಿಸಿದರೆ ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿ ತಕ್ಷಣ ಹೊರಡಿ. ಪೈಪು ಹಿಡಿದು ನಿಲ್ಲಬೇಡಿ.