ಲೈಸೆನ್ಸ್ ಬೇಡ, ಸಂಜೆ ನಾಲ್ಕರೊಳಗೆ ಲಂಗರು ಬೀಳಬೇಕು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಗೆ ಹತ್ತಿರದಲ್ಲೇ ವಿಟ್‌ಸಂಡೇ ಅನ್ನುವ 74 ದ್ವೀಪಗಳ ಗುಂಪಿದೆ. ಆಚೆಗಿರುವ ಗ್ರೇಟ್ ಬ್ಯಾರಿಯರ್ ರೀಫ್ ದೊಡ್ಡ ಅಲೆಗಳನ್ನು ತಡೆಯುತ್ತದೆ. ಹಾಗಾಗಿ ಇಲ್ಲಿ ಹಾಯಿದೋಣಿಯನ್ನು ಬಾಡಿಗೆ ಕಾರಿನ ಹಾಗೆ ತೆಗೆದುಕೊಂಡು ನಾವೇ ಓಡಿಸಬಹುದು. ಬೋಟ್ ಲೈಸೆನ್ಸ್ ಕೇಳುವುದಿಲ್ಲ. ಇದಕ್ಕೆ ಬೇರ್‌ಬೋಟ್ ಅಂತಾರೆ. ದೋಣಿ ಮಾತ್ರ ಅವರದು, ಕ್ಯಾಪ್ಟನ್ನಿಂದ ಹಿಡಿದು ಪಾತ್ರೆ ತೊಳೆಯುವವರ ತನಕ ಎಲ್ಲ ನಾವೇ. ಬೆಂಗಳೂರಿನಿಂದ ಮೂವರು, ಮೆಲ್ಬರ್ನ್‌ನಲ್ಲಿರುವ ಹಳೇ ಕ್ಲಾಸ್‌ಮೇಟ್‌ಗಳು ಮೂವರು ಸೇರಿ ಐದು ರಾತ್ರಿ ಹೋಗಿ ಬಂದೆವು.

ಮೊದಲು ತಿಂಗಳು ನೋಡಿ

ನವೆಂಬರಿನಿಂದ ಮೇ ತನಕ ವಿಷದ ಜೆಲ್ಲಿ ಮೀನುಗಳ ಕಾಟ. ನೀರಿಗಿಳಿಯಲು ಮೈಪೂರ್ತಿ ಮುಚ್ಚುವ ಸ್ಟಿಂಗರ್ ಸೂಟ್ ಬೇಕು. ಅಲ್ಲಿನ ಬೇಸಿಗೆಯಲ್ಲಿ (ಡಿಸೆಂಬರ್‌ನಿಂದ ಫೆಬ್ರವರಿ) ಚಂಡಮಾರುತದ ಭಯ ಬೇರೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆಗ್ನೇಯದ ಗಾಳಿ ಜೋರು. ಮೊದಲ ಸಲ ಹೋಗುವವರಿಗೆ ನನ್ನ ಓಟು ಸೆಪ್ಟೆಂಬರ್‌ಗೆ. ಗಾಳಿ ಹದವಾಗಿರುತ್ತದೆ, ಹಂಪ್‌ಬ್ಯಾಕ್ ತಿಮಿಂಗಿಲಗಳೂ ಇನ್ನೂ ಇರುತ್ತವೆ. ಅವು ಕಂಡರೆ 300 ಮೀಟರ್ ದೂರ ಇರಬೇಕು.

ದೋಣಿಯಲ್ಲಿ ಎರಡು ಬಗೆ. ಒಂದೇ ಒಡಲಿನದು ಗಾಳಿಗೆ ವಾಲುತ್ತದೆ, ಜೋಡಿ ಒಡಲಿನ ಕಟಮರಾನ್ ಅಷ್ಟು ವಾಲುವುದಿಲ್ಲ. ಹೆಸರು ತಮಿಳಿನ 'ಕಟ್ಟುಮರಂ'ನಿಂದ ಹೋದದ್ದು, ನಮ್ಮ ಪಕ್ಕದ ಮನೆಯದೇ ಅನ್ನಿ! ಆರು ಜನಕ್ಕೆ ಕಟಮರಾನೇ ವಾಸಿ. ದುಡ್ಡು ಜಾಸ್ತಿ, ಆದರೆ ಚಹಾ ಚೆಲ್ಲುವುದಿಲ್ಲ.

ತಿಂಡಿ ತೀರ್ಥ

ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯುವುದಾದರೆ ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಬರೆದು, ತಪಾಸಣೆಯಲ್ಲಿ ತೋರಿಸಿ. ಬಚ್ಚಿಟ್ಟರೆ ದಂಡ ಭಾರಿ. ಹಸಿ ಕರಿಬೇವು ತರಲೇಬೇಡಿ. ಉಳಿದ ಸಾಮಾನು ಏರ್ಲಿ ಬೀಚ್ ಊರಿನಲ್ಲಿ ಸಿಗುತ್ತದೆ. ಟ್ಯಾಂಕಿನ ನೀರು ತೀರಿದರೆ ಸಮುದ್ರದ ನಡುವೆ ನಲ್ಲಿ ಇಲ್ಲ. ಹಾಗಾಗಿ ಪಾತ್ರೆಯನ್ನು ಉಪ್ಪುನೀರಿನಲ್ಲಿ ಉಜ್ಜಿ, ಕೊನೆಯಲ್ಲಿ ಮಾತ್ರ ಸಿಹಿನೀರು ಹಾಕಿ.

ಪಾಠ ಕೇಳುವ ದಿನ

ಹೊರಡುವ ಮೊದಲು ಗಂಟೆಗಟ್ಟಲೆ ಪಾಠ ಇರುತ್ತದೆ. ಹಾಯಿ ಏರಿಸುವುದು, ಎಂಜಿನ್, ರೇಡಿಯೊ, ಟಾಯ್ಲೆಟ್ ಪಂಪು. ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಟಾಯ್ಲೆಟ್ ಪಂಪನ್ನು ತಪ್ಪದೆ. ಅದು ಕಟ್ಟಿಕೊಂಡರೆ ಗೆಳೆತನಕ್ಕೇ ಕುತ್ತು.

ಇಲ್ಲಿನ ಮುಖ್ಯ ನಿಯಮ: ಕತ್ತಲಲ್ಲಿ ದೋಣಿ ಓಡಿಸುವಂತಿಲ್ಲ, ಸಂಜೆ ನಾಲ್ಕರೊಳಗೆ ಲಂಗರು ಹಾಕಿರಬೇಕು. ಇದು ಸುಮ್ನೆ ಹಾಕಿದ ನಿಯಮ ಅಲ್ಲ. ಬಿಸಿಲು ನೆತ್ತಿಯ ಮೇಲಿದ್ದಾಗ ಹವಳದ ಬಂಡೆ ನೀರಿನಡಿ ಕಂದು ಮಚ್ಚೆಯಾಗಿ ಕಾಣುತ್ತದೆ. ಸೂರ್ಯ ಇಳಿದಾಗ ನೀರೆಲ್ಲ ಕನ್ನಡಿ, ಏನೂ ಕಾಣದು. ಹಾಗಾಗಿ ದಿನವನ್ನು ನಾಲ್ಕು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಬೆಳಿಗ್ಗೆ ಒಂದು ತಾಸು ಜಾಸ್ತಿ ಮಲಗಿದರೆ ಒಂದು ಬೀಚ್ ಕೈತಪ್ಪಿತು ಅಂತಲೇ ಲೆಕ್ಕ.

ಲಂಗರಿನ ಗಣಿತ

ನಾವು ಎಡವಿದ್ದು ಇಲ್ಲೇ. ಮೊದಲ ಸಂಜೆ ನೀರಿನ ಆಳ 5 ಮೀಟರ್ ತೋರಿಸಿತು. 20 ಮೀಟರ್ ಸರಪಳಿ ಬಿಟ್ಟು, ಗೆದ್ದವರ ಹಾಗೆ ಬೋಂಡ ಕರಿಯಲು ಕೂತೆವು. ಆದರೆ ಆಗ ಇಳಿತದ ಹೊತ್ತು. ರಾತ್ರಿ ನೀರು 3 ಮೀಟರ್ ಏರಿತು. ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ, ದೂರವಿದ್ದ ಪಕ್ಕದ ದೋಣಿಯ ದೀಪ ನಮ್ಮ ಕಿಟಕಿಯ ಹತ್ತಿರ! ಅದು ಬಂದಿರಲಿಲ್ಲ, ನಾವೇ ಲಂಗರು ಎಳೆದುಕೊಂಡು ಹೋಗಿದ್ದೆವು.

ಸರಿಯಾದ ಲೆಕ್ಕ ಹೀಗೆ: ಈಗಿನ ಆಳ 5, ಉಬ್ಬರಕ್ಕೆ 3, ನೀರಿನಿಂದ ದೋಣಿಯ ಮೂತಿಗೆ 1. ಒಟ್ಟು 9. ಅದರ ಐದು ಪಟ್ಟು, 45 ಮೀಟರ್. ಸರಪಳಿ ಉದ್ದವಿದ್ದರೆ ತಳದಲ್ಲಿ ಅಡ್ಡ ಮಲಗುತ್ತದೆ, ಲಂಗರು ಮರಳಿಗೆ ಕಚ್ಚುತ್ತದೆ. ಗಿಡ್ಡವಿದ್ದರೆ ಮೇಲಕ್ಕೆಳೆದು ಕಿತ್ತುಬಿಡುತ್ತದೆ. ಬಿಟ್ಟ ಮೇಲೆ ಎಂಜಿನ್ ಮೆಲ್ಲಗೆ ರಿವರ್ಸ್ ಕೊಡಿ. ದಡದ ಒಂದು ಮರ, ಅದರ ಹಿಂದಿನ ಒಂದು ಬಂಡೆ ಗುರುತು ಇಟ್ಟುಕೊಳ್ಳಿ. ಎರಡೂ ಒಂದೇ ಸಾಲಿನಲ್ಲಿ ನಿಂತೇ ಇದ್ದರೆ ಲಂಗರು ಕಚ್ಚಿದೆ ಅಂತ. ಹವಳದ ಮೇಲೆ ಮಾತ್ರ ಹಾಕಬೇಡಿ. ಬಿಳಿ ಪಿರಮಿಡ್ ತೇಲುಬುಡ್ಡೆ ಕಂಡರೆ ಅದರಿಂದ ದಡದ ಕಡೆಗೆ ಲಂಗರು ನಿಷಿದ್ಧ.

ಎಲ್ಲಿಗೆ?

ಮೊದಲ ರಾತ್ರಿಗೆ ಹುಕ್ ದ್ವೀಪದ ನಾರಾ ಇನ್ಲೆಟ್ (ನೆಲದೊಳಕ್ಕೆ ಚಾಚಿದ ಕಡಲ ತೋಳು) ಒಳ್ಳೆಯದು. ಎರಡೂ ಕಡೆ ಗುಡ್ಡ, ಗಾಳಿ ತಾಗದು. ಅಲ್ಲಿನ ಗುಹೆಯಲ್ಲಿ ನ್ಗಾರೊ ಮೂಲನಿವಾಸಿಗಳ ಚಿತ್ರಗಳಿವೆ. ಮರುದಿನ ಹುಕ್ ಪ್ಯಾಸೇಜ್ ದಾಟಿ ಆಚೆ ಬದಿಗೆ. ಆ ಇಕ್ಕಟ್ಟಿನಲ್ಲಿ ಸೆಳೆತ ಜೋರು, ಎದುರು ಬಿದ್ದರೆ ಎಂಜಿನ್ ಇದ್ದೂ ದೋಣಿ ತೆವಳುತ್ತದೆ. ಉಬ್ಬರ-ಇಳಿತದ ಪಟ್ಟಿ ನೋಡಿಯೇ ಹೊರಡಿ.

ಟಂಗ್ ಬೇನಲ್ಲಿ ಇಳಿದು ಗುಡ್ಡ ಹತ್ತಿದರೆ ಕೆಳಗೆ ಹಿಲ್ ಇನ್ಲೆಟ್ ಕಾಣುತ್ತದೆ. ಬಿಳಿ ಮರಳು, ನೀಲಿ ನೀರು ಒಂದರೊಳಗೊಂದು ಸುತ್ತಿಕೊಂಡ ಆ ನೋಟ ಚೆನ್ನಾಗಿ ಕಾಣುವುದು ಇಳಿತದಲ್ಲಿ, ಆದರೆ ಪುಟ್ಟ ಮರಿದೋಣಿ ಡಿಂಗಿಯಲ್ಲಿ ದಡ ಸೇರುವುದು ಸಲೀಸಾಗುವುದು ಉಬ್ಬರದಲ್ಲಿ. ಎರಡರ ನಡುವಿನ ಹೊತ್ತು ಹಿಡಿಯಿರಿ. ಪಕ್ಕದ ವೈಟ್‌ಹೇವನ್ ಬೀಚ್ 7 ಕಿ.ಮೀ. ಉದ್ದ. ಅಲ್ಲಿನ ಮರಳು ಶೇ 98ರಷ್ಟು ಸಿಲಿಕಾ, ಮಧ್ಯಾಹ್ನವೂ ಕಾಲು ಸುಡುವುದಿಲ್ಲ. ಸಿಡ್ ಹಾರ್ಬರ್ ನೀರು ಕೆರೆಯಂತೆ ಶಾಂತ, ಆದರೆ ಅಲ್ಲಿ ಈಜಬೇಡಿ. 2018ರಲ್ಲಿ ಶಾರ್ಕ್ ದಾಳಿಗಳಾದ ಜಾಗ ಅದು.

ವಾಪಸ್ ವಿಮಾನವನ್ನು ದೋಣಿ ಒಪ್ಪಿಸುವ ದಿನಕ್ಕೇ ಬುಕ್ ಮಾಡಬೇಡಿ. ಗಾಳಿ ಕೈಕೊಟ್ಟರೆ ಆ ದಿನ ಎಲ್ಲವೂ ತಡ. ಅದೂ ಅಲ್ಲದೆ, ಅವತ್ತು ಹೋಟೆಲಿನ ಬಚ್ಚಲಲ್ಲಿ ನೆಲ ಇನ್ನೂ ತೂಗುತ್ತಿರುತ್ತದೆ. ಗೋಡೆ ಹಿಡಿದುಕೊಂಡೇ ಸ್ನಾನ ಮಾಡಿ.