ಕುಮಟಾದ ರೌಟರ್ ಮುಟ್ಟಬೇಕೋ ಬೇಡವೋ

ಶಿರಸಿಯ ಒಂದು ಸಹಕಾರಿ ಸಂಘದ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹುಲೇಕಲ್, ಬನವಾಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾದಲ್ಲಿ ಶಾಖೆಗಳಿವೆ. ಎಲ್ಲ ಕಡೆ ಮೈಕ್ರೊಟಿಕ್ ಕಂಪನಿಯ ರೌಟರ್. ಕೆಲವಕ್ಕೆ ಎಂಟು ವರ್ಷ ಆಗಿಹೋಗಿದೆ. ಫೆಬ್ರವರಿಯಲ್ಲಿ ಒಂದು ಸಂಜೆ ಕೂತು ಯಾವುದರಲ್ಲಿ ರೌಟರ್‌ಒಎಸ್‌ನ (ಅದನ್ನು ನಡೆಸುವ ತಂತ್ರಾಂಶದ) ಯಾವ ಆವೃತ್ತಿ ಇದೆ ಎಂದು ಬರೆದುಕೊಂಡೆ. ಒಂದರಲ್ಲಿ 6.40, ಒಂದರಲ್ಲಿ 6.48, ಉಳಿದವು ನಡುವೆ ಎಲ್ಲೆಲ್ಲೋ.

ಅಪ್‌ಗ್ರೇಡ್ ಮಾಡುತ್ತೇನೆ ಎಂದಾಗ ಸೆಕ್ರೆಟರಿ ಕೇಳಿದ್ದು ಒಂದೇ ಮಾತು: "ತಮಾ, ಚಲೋ ನಡೀತಾ ಇದ್ದು. ಈಗ ಎಂತಕ್ಕೆ ಕೈ ಹಾಕದು?"

ನನಗೆ ಅದು ಸರಿಯಾದ ಪ್ರಶ್ನೆ ಅನ್ನಿಸಿತು. ಅಡಿಕೆ ಟೆಂಡರ್ ನಡೆಯುವ ದಿನ ಲಿಂಕ್ ಹೋದರೆ ದುಡ್ಡಿಗಾಗಿ ಬಂದು ಕೂತ ರೈತರಿಗೆ ಉತ್ತರ ಹೇಳಬೇಕಾದವರು ಅವರು. ಕುಮಟಾದ ರೌಟರ್ ರೀಬೂಟ್ ಆಗಿ ಏಳದಿದ್ದರೆ ದೇವಿಮನೆ ಘಟ್ಟ ಇಳಿದು ಅರವತ್ತು ಕಿಲೋಮೀಟರ್ ಹೋಗಬೇಕಾದವನು ನಾನು. ಹಾಗಾಗಿ ಹೊಸ ಆವೃತ್ತಿ ಬಂದಿದೆ ಎಂಬ ಕಾರಣವನ್ನು ಮೊದಲೇ ಬದಿಗಿಟ್ಟೆ. ಪ್ರತಿ ಪೆಟ್ಟಿಗೆಗೂ ಎರಡು ಪ್ರಶ್ನೆ ಹಾಕಿಕೊಂಡೆ: ಹೊರಗಿನವರು ಇದನ್ನು ಮುಟ್ಟಬಲ್ಲರೇ? ಇದು ಕೆಟ್ಟು ಕೂತರೆ ಎಬ್ಬಿಸುವ ದಾರಿ ಯಾವುದು?

ಮೊದಲ ಪ್ರಶ್ನೆಗೆ ಯಲ್ಲಾಪುರದಲ್ಲೇ ಉತ್ತರ ಸಿಕ್ಕಿತು. ಅಲ್ಲಿದ್ದದ್ದು 6.40. ರೌಟರನ್ನು ನಿರ್ವಹಿಸುವ ವಿನ್‌ಬಾಕ್ಸ್ ತಂತ್ರಾಂಶ ಬಳಸುವ 8291ನೇ ಪೋರ್ಟ್ ಇಂಟರ್‌ನೆಟ್ಟಿಗೆ ತೆರೆದೇ ಇತ್ತು. ಮೊದಲು ಹಾಕಿಕೊಟ್ಟವರು ದೂರದಿಂದ ನೋಡಲು ಅನುಕೂಲವಾಗಲಿ ಎಂದು ಬಿಟ್ಟಿದ್ದು, ನಾನೂ ಗಮನಿಸಿರಲಿಲ್ಲ. 2018ರಲ್ಲಿ ಬೆಳಕಿಗೆ ಬಂದ ದೋಷ ಇದೇ ಪೋರ್ಟಿನ ಮೂಲಕ ಪಾಸ್‌ವರ್ಡ್ ಇಲ್ಲದೆಯೇ ಬಳಕೆದಾರರ ಫೈಲನ್ನು ಓದಲು ಬಿಡುತ್ತಿತ್ತು. ಆ ವರ್ಷದ ಏಪ್ರಿಲ್‌ನಲ್ಲೇ 6.42.1ರಲ್ಲಿ ಸರಿಪಡಿಸಿದ್ದರು. ನಮ್ಮ ರೌಟರ್ ಅಲ್ಲಿಯವರೆಗೆ ಹೋಗಿಯೇ ಇರಲಿಲ್ಲ.

ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಶೆಡ್ಯೂಲರ್ ತೆರೆದು ನೋಡಿದರೆ ನಾನು ಬರೆಯದ ಒಂದು ಸಾಲು. ಯಾವುದೋ ಅಪರಿಚಿತ ವಿಳಾಸದಿಂದ ಫೈಲ್ ತಂದು ಓಡಿಸು ಎಂದಿತ್ತು. ಬೇರೆಯವರ ಟ್ರಾಫಿಕ್ ನಮ್ಮ ರೌಟರ್ ಮೂಲಕ ಹಾಯಲು ಬಿಡುವ ಸಾಕ್ಸ್ ಸೇವೆಯೂ ಚಾಲೂ ಇತ್ತು. ಅದನ್ನು ಕಂಡು ಕೈಕಾಲು ತಣ್ಣಗಾಯಿತು. ಇಷ್ಟು ದಿನ ಲಿಂಕ್ ಒಮ್ಮೆಯೂ ಬಿದ್ದಿರಲಿಲ್ಲ, ಶಾಖೆಯವರ ಲೆಕ್ಕದಲ್ಲಿ ಅದು ಚಲೋ ನಡೀತಾನೇ ಇತ್ತು.

ಇಂಥದಕ್ಕೆ ಅಪ್‌ಗ್ರೇಡ್ ಸಾಲದು. ಹೊಸ ಆವೃತ್ತಿ ಬಾಗಿಲು ಹಾಕುತ್ತದೆ, ಒಳಗೆ ಬಂದವರನ್ನು ಹೊರಗೆ ಹಾಕುವುದಿಲ್ಲ. ಆ ಪೆಟ್ಟಿಗೆಯನ್ನು ಬಿಚ್ಚಿ ಶಿರಸಿಗೆ ತಂದು, ರೀಸೆಟ್ ಗುಂಡಿ ಒತ್ತಿ ಹಿಡಿದು ಪವರ್ ಕೊಟ್ಟು, ನೆಟ್‌ಇನ್‌ಸ್ಟಾಲ್ ಎಂಬ ಮೈಕ್ರೊಟಿಕ್‌ನದೇ ಸಾಧನದಿಂದ ರೌಟರ್‌ಒಎಸ್ಸನ್ನು ಬುಡದಿಂದಲೇ ಹಾಕಿದೆ. ಹಳೆಯ ಬ್ಯಾಕಪ್ ಫೈಲ್ ಮರಳಿ ಹಾಕಲಿಲ್ಲ, ಹಾಕಿದ್ದರೆ ಆ ಸಾಲೂ ಜತೆಗೇ ಬರುತ್ತಿತ್ತು. ಎಕ್ಸ್‌ಪೋರ್ಟ್ ಮಾಡಿದ ಪಠ್ಯವನ್ನು ಕಾಗದದ ಮೇಲೆ ತೆಗೆದು, ಸಾಲು ಸಾಲಾಗಿ ಓದಿ, ಬೇಕಾದದ್ದನ್ನಷ್ಟೇ ಕೈಯಿಂದ ಬರೆದೆ. ಹೇಗೂ ಹಾಗೇ ಮಾಡಬೇಕಿತ್ತು: 6.41ರಲ್ಲಿ ಕೇಬಲ್ ಕಿಂಡಿಗಳನ್ನು ಒಂದುಗೂಡಿಸುವ ಮಾಸ್ಟರ್ ಪೋರ್ಟ್ ಹೋಗಿ ಬ್ರಿಡ್ಜ್ ಬಂದಿದೆ, 6.44ರಲ್ಲಿ ಶಾಖೆಗಳ ನಡುವಿನ ಗೂಢಲಿಪಿ ಸಂಪರ್ಕದ (ಐಪಿಸೆಕ್) ಕೀಲಿ ಐಡೆಂಟಿಟಿ ಎಂಬ ಬೇರೆ ಮೆನುವಿಗೆ ಹೋಗಿದೆ. ಹಳೆಯ ಸಾಲುಗಳು ಹೊಸದರಲ್ಲಿ ಹಾಗೆ ಹಾಗೇ ಕೂರುವುದಿಲ್ಲ. ಅದೇ ರಾತ್ರಿ ಎಲ್ಲ ಶಾಖೆಗಳ ಪಾಸ್‌ವರ್ಡ್ ಮತ್ತು ಐಪಿಸೆಕ್ ಕೀಲಿ ಬದಲಿಸಿದೆ. 8291 ಈಗ ಮುಖ್ಯ ಕಚೇರಿಯ ಟನಲ್ (ಆ ಗೂಢಲಿಪಿ ಸಂಪರ್ಕ) ಒಳಗಿನಿಂದ ಮಾತ್ರ.

ಮುಂದಿನ ಪ್ರಶ್ನೆ, ರೌಟರ್‌ಒಎಸ್ 6ರಲ್ಲೇ ಇರುವುದೋ 7ಕ್ಕೆ ಹಾರುವುದೋ. ಇಲ್ಲಿ ಪೆಟ್ಟಿಗೆಯ ವಯಸ್ಸಿಗಿಂತ ಅದರ ಹೊಟ್ಟೆ ಎಷ್ಟು ದೊಡ್ಡದು ಎಂಬುದು ಮುಖ್ಯ. ಹುಲೇಕಲ್ ಮತ್ತು ಬನವಾಸಿಯಲ್ಲಿ ಇರುವುದು ಹೆಕ್ಸ್ ಲೈಟ್ ಎಂಬ ಸಣ್ಣ ಮಾದರಿ: 64 ಎಂಬಿ ರ‍್ಯಾಮ್, 16 ಎಂಬಿ ಫ್ಲ್ಯಾಶ್. 7 ಹಾಕಿದರೆ ಫ್ಲ್ಯಾಶ್ ತುಂಬಿ, ಮುಂದಿನ ಅಪ್‌ಡೇಟಿಗೆ ಜಾಗವೇ ಉಳಿಯದ ಸ್ಥಿತಿ ಬರಬಹುದು. ಇನ್ನೊಂದು ವಿಷಯ, 6ರ ಕರ್ನಲ್ (ಒಳಗಿರುವ ಲಿನಕ್ಸ್‌ನ ತಿರುಳು) 3.3.5, 7ರದು 5.6.3. ಈ ನಡುವೆ ಲಿನಕ್ಸ್ ಕರ್ನಲ್‌ನಿಂದ ರೂಟ್ ಕ್ಯಾಶ್ (ಒಮ್ಮೆ ಹುಡುಕಿದ ದಾರಿಯನ್ನು ನೆನಪಿಡುವ ಪಟ್ಟಿ) ತೆಗೆದರು. ಒಂದೇ ಕೋರ್‌ನ ಹಳೆಯ ಸಿಪಿಯುಗೆ ಅದೇ ಟ್ರಾಫಿಕ್ ಹೆಚ್ಚು ಭಾರ ಆಗುತ್ತದೆ. ನಮ್ಮಲ್ಲಿ 7ರಲ್ಲಿ ಬಂದ ವೈರ್‌ಗಾರ್ಡ್ ಎಂಬ ಹೊಸ ಬಗೆಯ ಟನಲ್ ಬೇಕಾಗಿಲ್ಲ, 7ರ ಹೊಸ ರೂಟಿಂಗ್ ಸವಲತ್ತೂ ಬೇಕಾಗಿಲ್ಲ. ಆದ್ದರಿಂದ 6.49ರ ಲಾಂಗ್ ಟರ್ಮ್ (ಹೊಸ ಸವಲತ್ತಿಗಿಂತ ದುರಸ್ತಿಗೆ ಒತ್ತು ಕೊಡುವ ಸಾಲು) ಎಂದು ನಿರ್ಧರಿಸಿದೆ. ಅದರಲ್ಲೂ 6.49.8ಕ್ಕಿಂತ ಕೆಳಗಿನದು ಬೇಡ. ಅಡ್ಮಿನ್ ಹಕ್ಕಿನಿಂದ ಅದಕ್ಕೂ ಮೇಲಿನ ಹಕ್ಕಿಗೆ ಏರಬಹುದಾದ ದೋಷಕ್ಕೆ ಲಾಂಗ್ ಟರ್ಮ್ ಸಾಲಿನಲ್ಲಿ ಪರಿಹಾರ ಬಂದದ್ದು ಅದರಲ್ಲಿ, 2023ರ ಜುಲೈನಲ್ಲಿ.

ಉಳಿದದ್ದು ಕುಮಟಾ. ಅಲ್ಲಿರುವುದು ಆರ್‌ಬಿ2011, 128 ಎಂಬಿ ನ್ಯಾಂಡ್ ಫ್ಲ್ಯಾಶ್. ಅಷ್ಟು ಜಾಗ ಇದ್ದರೆ ಅದನ್ನು ಎರಡು ಪಾರ್ಟಿಷನ್ (ಭಾಗ) ಮಾಡಬಹುದು. ಯುಪಿಎಸ್ ಬ್ಯಾಟರಿ ಬದಲಿಸಲು ಹೋದ ದಿನ ಅದನ್ನು ಮಾಡಿ, ಚಾಲೂ ಇದ್ದ ವ್ಯವಸ್ಥೆಯ ಒಂದು ಪ್ರತಿಯನ್ನು ಎರಡನೆಯದರಲ್ಲಿ ಇಟ್ಟು ಬಂದೆ. ಮೊದಲನೆಯದು ಬೂಟ್ ಆಗದಿದ್ದರೆ ರೌಟರ್ ತಾನೇ ಎರಡನೆಯದಕ್ಕೆ ಹೋಗುತ್ತದೆ. ಆದರೆ ಬೂಟ್ ಆಗಿಯೂ ಟನಲ್ ಏಳದಿದ್ದರೆ? ಅದಕ್ಕೊಂದು ಸಣ್ಣ ಸ್ಕ್ರಿಪ್ಟ್ ಬರೆದೆ: ಎದ್ದು ಹತ್ತು ನಿಮಿಷದೊಳಗೆ ಮುಖ್ಯ ಕಚೇರಿಗೆ ಪಿಂಗ್ (ಇದ್ದೀಯಾ ಎಂದು ಕೇಳುವ ಸಂದೇಶ) ಹೋಗದಿದ್ದರೆ ಎರಡನೇ ಪಾರ್ಟಿಷನ್ ಆಯ್ಕೆ ಮಾಡಿ ರೀಬೂಟ್ ಆಗು. ಇದನ್ನು ಮೊದಲು ನನ್ನ ಮೇಜಿನ ಮೇಲಿದ್ದ ಇನ್ನೊಂದು ಆರ್‌ಬಿ2011ರಲ್ಲಿ ಕೇಬಲ್ ಕಿತ್ತು ಮೂರು ಸಲ ನೋಡಿದೆ.

ಮಾರ್ಚ್‌ನ ಎರಡನೇ ಶನಿವಾರ ಬೆಳಿಗ್ಗೆ ಏಳಕ್ಕೆ ಹೊಸ ಆವೃತ್ತಿ ಹಾಕಿ ರೀಬೂಟ್ ಕೊಟ್ಟೆ. ಗುಡುಗು-ಮಿಂಚು ಶುರುವಾಗುವ ಮೊದಲು ಮುಗಿಸಬೇಕೆಂದೇ ಆ ದಿನ. ಎರಡು ನಿಮಿಷ, ನಾಲ್ಕು ನಿಮಿಷ, ಪಿಂಗ್ ಇಲ್ಲ. ಏಳನೇ ನಿಮಿಷಕ್ಕೆ ಬಂತು. ಲಾಗ್ ನೋಡಿದರೆ ಇಂಟರ್‌ನೆಟ್ ಕೊಡುವವರ ಕಡೆ ಹಳೆಯ ಪಿಪಿಪಿಒಇ (ಇಂಟರ್‌ನೆಟ್ ಲಾಗಿನ್) ಸೆಷನ್ ಬಿಡದೆ ಹಿಡಿದಿತ್ತು, ರೌಟರ್ ಪಾಪ ಆಗಲೇ ಎದ್ದು ಕಾಯುತ್ತಿತ್ತು. ಹತ್ತು ನಿಮಿಷದ ಬದಲು ಐದು ಎಂದು ಇಟ್ಟಿದ್ದರೆ ಸರಿಯಾಗಿದ್ದ ಅಪ್‌ಗ್ರೇಡೇ ಹಿಂದಕ್ಕೆ ಹೋಗುತ್ತಿತ್ತು. ರೌಟರಿಗೆ ಲಾಗಿನ್ ಆದವನು ಮೊದಲು ಮಾಡಿದ್ದು ಆ ಸ್ಕ್ರಿಪ್ಟ್ ಅಳಿಸಿದ್ದು. ಇಲ್ಲದಿದ್ದರೆ ಮಳೆಗಾಲದಲ್ಲಿ ಲೈನ್ ಹೋಗಿ ಕರೆಂಟೂ ಹೋಗಿ ಬಂದ ದಿನ ಅದು ಹಳೆಯ ಆವೃತ್ತಿಗೆ ಮರಳುತ್ತಿತ್ತು.

ರೌಟರನ್ನು ಎಬ್ಬಿಸುವ ರೌಟರ್‌ಬೂಟ್ ಫರ್ಮ್‌ವೇರನ್ನು ದೂರದಿಂದ ಮುಟ್ಟಿಲ್ಲ, ಮುಂದಿನ ಸಲ ಘಟ್ಟ ಇಳಿದಾಗ. ಹುಲೇಕಲ್, ಬನವಾಸಿಯ ಎರಡು ಹೆಕ್ಸ್ ಲೈಟ್‌ಗಳಿಗೆ ಬದಲಿ ಪೆಟ್ಟಿಗೆ ಬೇಕೆಂದು ಸೆಕ್ರೆಟರಿಗೆ ಬರೆದುಕೊಟ್ಟಿದ್ದೇನೆ. ಯಲ್ಲಾಪುರದ ಆ ಶೆಡ್ಯೂಲರ್ ಸಾಲನ್ನೂ ಜತೆಗೆ ಲಗತ್ತಿಸಿದ್ದೇನೆ. ಅವರು ಎರಡು ಸಲ ಓದಿ, "ಇದನ್ನ ಆಡಳಿತ ಮಂಡಳಿ ಎದುರು ನೀನೇ ಬಂದು ಹೇಳು" ಎಂದಿದ್ದಾರೆ.